ಕರಿ ಬಿಲ್ಲೆ, ಹಸಿರು ಬಿಲ್ಲೆ

ನಮ್ಮ ಹಿಂದಿನ ಮನೆಯಲ್ಲಿ ಬಾಣಂತಿ ಇದ್ದಾಳೆ. ಹೋದ ಭಾನುವಾರ ಮುಂಜಾನೆ ಗೋಡೆಯಾಚೆಯಿಂದ ಒಂದು ವಾಸನೆ ಬಂತು. ಔಡಲ ಎಣ್ಣೆಯ, ಅಂದರೆ ಹರಳೆಣ್ಣೆಯ, ದೀಪ ಹಚ್ಚಿ, ಅದರ ಕುಡಿಯ ಮೇಲೆ ಹಿತ್ತಾಳೆ ತಾಟು ಬೋರಲು ಹಾಕಿದಾಗ ಬರುವ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಗಂಟಲಿಗೆ ಹತ್ತುವಂಥದ್ದು. ಕೂಸಿಗೆ ಕಾಡಿಗೆ ಮಾಡುತ್ತಿದ್ದರು. ನಾನು ಶಾಲೆಯ ಮಕ್ಕಳ ನೋಟ್‌ಬುಕ್ಕು ತಿದ್ದುತ್ತ ಕೂತಿದ್ದೆ. ಈ ಮಸ್ಕಿಗೆ ಶಿಕ್ಷಕಿಯಾಗಿ ಬಂದು ಎರಡು ವರ್ಷವಾಯಿತು, ಇಷ್ಟು ದಿನ ಆ ವಾಸನೆ ನನ್ನನ್ನು ಹುಡುಕಿಕೊಂಡು ಬಂದಿರಲಿಲ್ಲ. ಅದು ನನಗೆ ಕೂಸನ್ನು ನೆನಪಿಸುವುದಿಲ್ಲ. ಸಿಂಧನೂರಿನ ಕಾಲೇಜಿನ ಕೆಮಿಸ್ಟ್ರಿ ಲ್ಯಾಬನ್ನು, ಅಲ್ಲಿದ್ದ ನಮ್ಮ ಸರ್ ಅವರನ್ನು ನೆನಪಿಸುತ್ತದೆ.

ಕಪಾಟಿನಿಂದ ತೊಂಬತ್ತೈದು, ತೊಂಬತ್ತಾರರ ಡೈರಿಗಳನ್ನು ಕೆಳಗಿಳಿಸಿದೆ. ಆಗ ನಾನು ಜವಳಗೇರಾದಿಂದ ದಿನಾ ಬಸ್ಸಿಗೆ ಸಿಂಧನೂರಿಗೆ ಹೋಗಿ ಬರುತ್ತಿದ್ದೆ. ಬಸ್ಸು ಎಷ್ಟು ನಿಮಿಷ ತಡ, ಕಾಲುವೆಗೆ ನೀರು ಯಾವತ್ತು ಬಿಟ್ಟರು, ಯಾವತ್ತು ನಿಲ್ಲಿಸಿದರು, ಮನೆಯಲ್ಲಿ ಯಾರಿಗೆ ಎಷ್ಟು ದಿನ ಜ್ವರ, ಎಲ್ಲ ಬರೆದಿದ್ದೇನೆ. ಬೇರೆಯವರು ಕೂತು ಓದುವಂಥದ್ದೇನೂ ಇಲ್ಲ. ಬಿ.ಎಸ್ಸಿ. ಕೊನೆಯ ವರ್ಷದ ಪುಟಗಳಲ್ಲಿ ಮಾತ್ರ ಅಲ್ಲಲ್ಲಿ ಹಸಿರು ಬೆರಳಿನ ಗುರುತುಗಳಿವೆ...

ಸರ್ ಲಿಂಗಸುಗೂರಿನವರು. ಅಣ್ಣನ ಮನೆಯಲ್ಲಿ ಇದ್ದರು. ಸೋಮವಾರ ಸಿಂಧನೂರಿಗೆ ಬಂದರೆ ಶನಿವಾರ ತಿರುಗಿ ಹೋಗುತ್ತಿದ್ದರು. ಏಳು ವರ್ಷದಿಂದ ಅವರು ಪಾರ್ಟ್‌ಟೈಮ್ ಉಪನ್ಯಾಸಕರು. ತೆಳ್ಳನೆಯ ಆಳು, ಪಾಠ ಮಾಡುವಾಗ ದನಿ ಏರುತ್ತಲೇ ಇರಲಿಲ್ಲ. ಪ್ರಾಕ್ಟಿಕಲ್ ಪುಸ್ತಕದಲ್ಲಿ ಯಾರಾದರೂ ‘ಸುಮಾರು ಇಪ್ಪತ್ತು’ ಅಂತ ಬರೆದರೆ ಮಾತ್ರ ಆ ಪುಟಕ್ಕೆ ಅಡ್ಡಗೆರೆ ಎಳೆದು, “ಸುಮಾರು ಅಂಬೋದು ಸಂತಿ ಮಾತು, ಲ್ಯಾಬಿನ ಮಾತಲ್ಲ” ಅನ್ನುತ್ತಿದ್ದರು. ನನ್ನ ಪುಸ್ತಕಕ್ಕೆ ಆ ಗೆರೆ ಬಿದ್ದಿರಲಿಲ್ಲ. ಅದಕ್ಕೇ ಇರಬೇಕು, ಆಗಸ್ಟಿನ ಒಂದು ಮಧ್ಯಾಹ್ನ ನನ್ನನ್ನು ಕರೆದು ಒಂದು ಉದ್ದನೆಯ ರಿಜಿಸ್ಟರ್ ಕೈಗಿಟ್ಟರು.

“ಇನ್ನ ಮ್ಯಾಲೆ ರೀಡಿಂಗ್ ನೀನ ಬರಿ. ನಾ ಬರದ್ರ ನನಗ ಬೇಕಾದ್ದ ಕಾಣತೈತಿ.”

ಅವರು ಮಾಡಲು ಹೊರಟದ್ದು ಇಷ್ಟು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಅಂತ ನಾವೆಲ್ಲ ಓದಿದ್ದೆವು. ಹರಿಯುವ ಜಾತಿಯದೂ ಒಂದಿದೆ, ಅನಿಲೀನ್ ಎನ್ನುವ ಎಣ್ಣೆಯಂಥ ದ್ರವವನ್ನು ಸರಪಳಿಯಂತೆ ಕೊಂಡಿ ಹಾಕಿಸಿದರೆ ಪಾಲಿಅನಿಲೀನ್ ಆಗುತ್ತದೆ, ಕಡುಹಸಿರು ಪುಡಿ, ಅದರಲ್ಲಿ ಕರೆಂಟು ಹರಿಯುತ್ತದೆ ಎಂದು ಸರ್ ಹೇಳಿದರು. ಆದರೆ ದಿನ ಕಳೆದಂತೆ ಅದರ ಗುಣ ಇಳಿಯುತ್ತದೆ. ಹೈದರಾಬಾದಿನಲ್ಲಿದ್ದ ಅವರ ಗೆಳೆಯರೊಬ್ಬರು ಪರದೇಶದ ಪತ್ರಿಕೆಗಳ ಝೆರಾಕ್ಸ್ ಕಳಿಸುತ್ತಿದ್ದರು. ಅದರಲ್ಲಿ ಇಂಗಾಲದ ನಳಿಕೆಗಳ ಸುದ್ದಿ ಇತ್ತು. ಕೂದಲೆಳೆಯನ್ನು ಉದ್ದಕ್ಕೆ ಹತ್ತಾರು ಸಾವಿರ ಸಲ ಸೀಳಿದರೆ ಎಷ್ಟು ತೆಳ್ಳಗಾದೀತೋ ಅಷ್ಟು ತೆಳ್ಳಗಿನ ನಳಿಕೆಗಳು. ಅಂಥ ಅತಿಸಣ್ಣ ಇಂಗಾಲವನ್ನು ಈ ಹಸಿರು ಪಾಲಿಮರಿನೊಳಗೆ ಬೆರೆಸಿದರೆ ಅದು ಕೆಡದೆ ನಿಲ್ಲುತ್ತದೆ ಎನ್ನುವುದು ಸರ್ ನಂಬಿಕೆ. ನಳಿಕೆ ನಮಗೆಲ್ಲಿ ಸಿಗಬೇಕು? ಮಸಿ ಸಿಗುತ್ತದೆ. ಮಸಿಯೂ ಇಂಗಾಲದ ಕಣ್ಣಿಗೆ ಕಾಣದ ಉಂಡೆಗಳೇ.

ಲ್ಯಾಬಿನಲ್ಲಿ ನಳ ಇರಲಿಲ್ಲ. ಮುಕ್ಕುಂದ ಹಳ್ಳಿಯ ಒಬ್ಬ ವಯಸ್ಸಾದ ಹೆಂಗಸು, ನಾವೆಲ್ಲ ಅವ್ವ ಅನ್ನುತ್ತಿದ್ದೆವು, ಅಂಗಳದ ಕೈಪಂಪಿನಿಂದ ಕೊಡಗಟ್ಟಲೆ ನೀರು ಹೊತ್ತು ತಂದು ತುಂಬುತ್ತಿದ್ದಳು. ಕೆಲಸ ಮುಗಿದರೂ ಹೋಗದೆ ಬಾಗಿಲ ಹೊಸ್ತಿಲ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದಳು. ಸರ್ ಮೊದಲು ಅಕ್ಕಿ ಗಿರಣಿಯ ಹೊಗೆ ಕೊಳವೆಯಿಂದ ಒಂದು ಚೀಲ ಮಸಿ ತರಿಸಿದರು. ಅದರಲ್ಲಿ ಹೊಟ್ಟಿನ ಬೂದಿ, ಅರೆಬೆಂದ ಕಡ್ಡಿ ಎಲ್ಲ ಇತ್ತು. ಆಕೆ ಒಂದು ಚಿಟಿಕೆ ತೆಗೆದು ಅಂಗೈ ಮೇಲೆ ತಿಕ್ಕಿ ನೋಡಿದಳು.

“ಇದೇನ್ರೀ ಸರ, ಇದು ಒಲಿಗೂ ಬ್ಯಾಡಾದ ಮಸಿ. ಸಣ್ಣ ಮಸಿ ಬೇಕಂದ್ರ ಔಡಲೆಣ್ಣಿ ದೀಪ ಹಚ್ರಿ, ಮ್ಯಾಲೆ ತಾಟು ಡಬ್ಬ ಹಾಕ್ರಿ. ಆರು ಕೂಸಿನ ಕಣ್ಣಿಗೆ ಹಚ್ಚೀನಿ ನಾ. ಒಂದಾದರೂ ಚುಚ್ಚತೈತಿ ಅಂತ ಅತ್ತಿಲ್ಲ.”

ಸರ್ ಆಕೆಯನ್ನೇ ನೋಡುತ್ತ ನಿಂತರು. ಮರುದಿನದಿಂದ ನಮ್ಮ ಬೆಂಚಿನ ಮೇಲೆ ನಾಲ್ಕು ಮಣ್ಣಿನ ಪಣತಿ, ನಾಲ್ಕು ಹಿತ್ತಾಳೆ ತಾಟು. ನಮ್ಮ ಕ್ಲಾಸಿನ ಹುಡುಗರು ಕಿಟಕಿಯಲ್ಲಿ ಇಣುಕಿ, “ಲ್ಯಾಬ್ ಹೋಗಿ ಬಾಣಂತಿ ಕ್ವಾಣಿ ಆತಲೇ” ಎಂದು ನಗುತ್ತಿದ್ದರು. ಒಂದು ದಿನದ ಮಸಿ ಒಂದು ಚಮಚೆಯಷ್ಟೂ ಆಗುತ್ತಿರಲಿಲ್ಲ. ಡೈರಿಯ ಪ್ರಕಾರ ಬೇಕಾದಷ್ಟು ಆಗುವುದಕ್ಕೆ ಮೂವತ್ತೊಂದು ದಿನ ಹಿಡಿಯಿತು.

“ಅಲ್ರೀ ಸರ, ಈ ಮಸಿನ್ಯಾಕ ಆ ಹಸರಿನ್ಯಾಗ ಕಲಸಾಕತ್ತೀರಿ?” ಎಂದು ಅವ್ವ ಒಮ್ಮೆ ಕೇಳಿದಳು.

“ನಿಮ್ಮೂರ ಕಾಲುವಿ ನೋಡೀಯಲ್ಲ. ಒಂದ ಮಡಿಯಿಂದ ಇನ್ನೊಂದ ಮಡಿಗೆ ನೀರ ಹೋಗೂ ಮುಂದ ನಡುವ ಒಡ್ಡು ಬಂದ್ರ ಏನ ಮಾಡತೀರಿ?”

“ಕಡೀತೀವಿ, ಇಲ್ಲಂದ್ರ ಪೈಪ್ ಇಡತೀವಿ.”

“ಹಾಂ, ಈ ಮಸಿ ಅಂದ್ರ ಪೈಪು. ಹಸರು ಅಂದ್ರ ಗದ್ದಿ. ಕರೆಂಟ್ ಅಂದ್ರ ನೀರು.”

“ಹಂಗಂತ ಮದಲ ಹೇಳಬೇಕಿಲ್ಲ! ಇಷ್ಟ ದಿನ ಹುಚ್ಚ ಹಿಡದೈತಿ ಅಂದ್ಕೊಂಡಿದ್ದೆ.”

ಸರ್ ಜೋರಾಗಿ ನಕ್ಕದ್ದನ್ನು ನಾನು ಕಂಡದ್ದು ಆವತ್ತು. ಅವರ ಅಂಗಿಗಳ ಮೇಲೆಲ್ಲ ಹಸಿರು ಕಲೆಗಳಿರುತ್ತಿದ್ದವು. ಸೋಡಾದಲ್ಲಿ ಒಗೆದರೆ ಅವು ನೀಲಿಯಾಗುತ್ತಿದ್ದವು, ಲಿಂಬೆಹುಳಿ ಸೋಕಿದರೆ ತಿರುಗಿ ಹಸಿರು. ಅವ್ವ ಅದನ್ನು “ಓತಿಕ್ಯಾತನ ಅಂಗಿ” ಅನ್ನುತ್ತಿದ್ದಳು.

ಡಿಸೆಂಬರಿನಲ್ಲಿ ಬಿಲ್ಲೆಗಳಾದವು. ಅನಿಲೀನನ್ನು ತಣ್ಣಗಿಡಲು ಸೋಡಾ ಅಂಗಡಿಯಿಂದ ಬರ್ಫು ತಂದೆವು. ಮಸಿ ನೀರಲ್ಲಿ ಕಲೆಯದೆ ತೇಲುತ್ತಿತ್ತು, ಅದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಪಳಗಿಸಿದೆವು. ಕೊಂಡಿ ಹಾಕಿಸುವ ರಾಸಾಯನಿಕವನ್ನು ಹನಿ ಹನಿಯಾಗಿ ಬಿಟ್ಟಾಗ ಬಣ್ಣವಿಲ್ಲದ ದ್ರವ ಮೊದಲು ನೀಲಿಯಾಗಿ, ಆಮೇಲೆ ಒಮ್ಮೆಲೇ ಹಸಿರಾಯಿತು. ಪುಡಿಯನ್ನು ಒತ್ತಿ ಬಿಲ್ಲೆ ಮಾಡುವ ಯಂತ್ರ ನಮ್ಮಲ್ಲಿರಲಿಲ್ಲ. ನಮ್ಮ ಓಣಿಯ ಮೆಕ್ಯಾನಿಕ್ ಕೊಟ್ಟ ಟ್ರ್ಯಾಕ್ಟರಿನ ಜಾಕಿನಲ್ಲಿಯೇ ಒತ್ತಿದೆವು. ನಾಣ್ಯದಷ್ಟು ಅಗಲದ ಎರಡು ಬಿಲ್ಲೆಗಳು. ಬರೀ ಪಾಲಿಮರಿನದಕ್ಕೆ ಹಸಿರು ಬಿಲ್ಲೆ ಅಂತಲೂ ಮಸಿ ಬೆರೆತದ್ದಕ್ಕೆ ಕರಿ ಬಿಲ್ಲೆ ಅಂತಲೂ ರಿಜಿಸ್ಟರಿನಲ್ಲಿ ಬರೆದೆ. ದಿನಾ ಮೂರು ಗಂಟೆಗೆ ಮೀಟರಿನ ಎರಡು ತಂತಿ ಹಚ್ಚಿ ಓದುವುದು. ಓಂಗಳು ಕಡಿಮೆ ಇದ್ದರೆ ಕರೆಂಟು ಸಲೀಸಾಗಿ ಹರಿಯುತ್ತಿದೆ ಎಂದು ಅರ್ಥ. ಓಂ ಏರಿದರೆ ಬಿಲ್ಲೆ ಕೆಡುತ್ತಿದೆ ಎಂದು. ಮೊದಲ ದಿನ ಎರಡೂ ನಲವತ್ತರ ಆಸುಪಾಸು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಜೂನಿನೊಳಗೆ ಸಂಶೋಧನೆಗೆ ನೋಂದಣಿ ಮಾಡಿಸಿಕೊಂಡ ಪಾರ್ಟ್‌ಟೈಮ್‌ನವರನ್ನು ಮಾತ್ರ ಕಾಯಂ ಮಾಡುವುದು, ಉಳಿದವರ ಜಾಗಕ್ಕೆ ಹೊಸಬರು ಎಂದು ಆಡಳಿತದವರು ಹೇಳಿದರು. ನೋಂದಣಿಗೆ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಮೇ ಕೊನೆಗೆ ಹಾಜರಾಗಬೇಕು. ಕೈಯಲ್ಲಿ ಹೊಸದೇನಾದರೂ ಇರಬೇಕು. ಸರ್ ಕೈಯಲ್ಲಿ ಇದ್ದದ್ದು ಒಂದು ಕರಿ ಬಿಲ್ಲೆ, ಅದರ ಪಕ್ಕ ಹೋಲಿಸಿ ನೋಡಲು ಒಂದು ಹಸಿರು ಬಿಲ್ಲೆ, ಮತ್ತು ನನ್ನ ರಿಜಿಸ್ಟರು.

ಜನವರಿ, ಫೆಬ್ರವರಿ ಚೆನ್ನಾಗಿರಲಿಲ್ಲ. ಎರಡು ಬಿಲ್ಲೆಗಳೂ ಗಾಜಿನ ಕಪಾಟಿನಲ್ಲಿದ್ದವು, ಎರಡೂ ಏರುತ್ತ ಹೋದವು. ಫೆಬ್ರವರಿ ಕೊನೆಗೆ ಹಸಿರು ತೊಂಬತ್ತು ದಾಟಿತ್ತು, ಕರಿ ಎಪ್ಪತ್ತೆರಡಕ್ಕೆ ಬಂದಿತ್ತು. ಸರ್ ಮಾತು ಕಡಿಮೆ ಮಾಡಿದರು. ಮೂರು ಗಂಟೆಯಾಗುತ್ತಲೇ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದರು, ನಾನು ಬರೆದು ಮುಗಿಸಿದ ಮೇಲೆಯೇ ಒಳಗೆ ಬರುತ್ತಿದ್ದರು.

ಮಾರ್ಚ್ ಮೊದಲ ವಾರ ಕರಿ ಬಿಲ್ಲೆ ತಿರುಗಿತು. ಎಪ್ಪತ್ತೆರಡು ಇದ್ದದ್ದು ಐವತ್ತೈದು, ನಲವತ್ತಾರು, ನಲವತ್ತೊಂದು. ಅಲ್ಲಿಗೆ ನಿಂತಿತು. ನಲವತ್ತು, ನಲವತ್ತೊಂದು, ನಲವತ್ತೆರಡು, ಮತ್ತೆ ನಲವತ್ತೊಂದು... ಹಸಿರು ಬಿಲ್ಲೆ ಏರುತ್ತಲೇ ಹೋಯಿತು, ನೂರೈವತ್ತು, ಇನ್ನೂರು. ಎಂಟನೆಯ ದಿನ ಸರ್ ರಿಜಿಸ್ಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದರು.

“ಹದಕ್ಕ ಬಂತು” ಅಂದರು. “ಮಸಿ ಒಳಗ ಕುಂತು ತನ್ನ ಜಾಗಾ ಹುಡಿಕ್ಕೊಂಡೈತಿ. ಇನ್ನ ಕೆಡಾಂಗಿಲ್ಲ ಇದು.”

ನಾನು ಪರೀಕ್ಷೆ ಬರೆದೆ, ಪರೀಕ್ಷೆ ಮುಗಿಯಿತು, ರಜೆ ಬಿತ್ತು. ಕಾಲುವೆ ನಿಂತು ಗದ್ದೆಗಳು ಬಿರಿದವು. ನಾನು ಬಸ್ಸಿಗೆ ಹೋಗುವುದನ್ನು ಬಿಡಲಿಲ್ಲ. ಭಾನುವಾರ ಅವ್ವ ಬೀಗ ತೆಗೆಯುತ್ತಿದ್ದಳು. ಎಪ್ಪತ್ತೆಂಟು ದಿನ, ಎಪ್ಪತ್ತೆಂಟು ರೀಡಿಂಗ್. ಒಮ್ಮೆಯೂ ಕರಿ ಬಿಲ್ಲೆ ನಲವತ್ತಾರು ದಾಟಲಿಲ್ಲ. ಹಸಿರು ಮುನ್ನೂರ ಹನ್ನೆರಡಕ್ಕೆ ಹೋಗಿ ಮುಟ್ಟಿತು.

ಮೇ ಕೊನೆಗೆ ಸರ್ ಕರಿ ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ, ರಿಜಿಸ್ಟರನ್ನು ಚೀಲದಲ್ಲಿ ಹಾಕಿಕೊಂಡು ಹೊರಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರ ಮೇಲೆ ಒಂದೂ ಕಲೆ ಇರಲಿಲ್ಲ. ಅವ್ವ, “ಓತಿಕ್ಯಾತ ಇವತ್ತ ಬೆಳ್ಳಗಾಗೇತಿ ನೋಡಬೇ” ಎಂದು ನನಗೆ ಕೇಳುವಷ್ಟೇ ಮೆಲ್ಲಗೆ ಅಂದಳು. ಬಸ್ಸು ಹನ್ನೊಂದು ನಿಮಿಷ ತಡವಾಗಿತ್ತು.

ನಾಲ್ಕನೆಯ ದಿನ ತಿರುಗಿ ಬಂದರು. ಬಂದವರು ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ನಡೆದದ್ದನ್ನು ಅವರು ಹೇಳಿದ್ದು ಬಹಳ ಕಡಿಮೆ ಮಾತಿನಲ್ಲಿ. ಹೊರಗಿನಿಂದ ಬಂದ ಯಾವ ಸ್ಯಾಂಪಲ್ಲನ್ನೇ ಆಗಲಿ ಮೊದಲು ಒಂದು ದಿನ, ಒಣಗಿಸುವ ಉಪ್ಪು ಹಾಕಿದ ಗಾಜಿನ ಪಾತ್ರೆಯಲ್ಲಿ ಇಡುವುದು ಅಲ್ಲಿನ ಪದ್ಧತಿ. ಮರುದಿನ ಸಮಿತಿಯ ಮುಂದೆ ತಂತಿ ಹಚ್ಚಿದಾಗ ಮೀಟರು ಮುನ್ನೂರ ಅರವತ್ತು ತೋರಿಸಿತು. ಎರಡನೇ ಸಲ ಹಚ್ಚಿದರು. ಮುನ್ನೂರ ಅರವತ್ತೇ. ಆಮೇಲೆ ಅವರು ರಿಜಿಸ್ಟರ್ ತಿರುವಿ ಹಾಕಿದರು. ಪುಟದ ಮೇಲೆ ಪುಟ ನಲವತ್ತು, ನಲವತ್ತೊಂದು, ನಲವತ್ತೆರಡು. ಇದು ಅಳೆದು ಬರೆದದ್ದಲ್ಲ, ಕೂತಲ್ಲೇ ಕೂತು ಬರೆದದ್ದು ಎಂದು ಒಬ್ಬರು ಅಂದರಂತೆ. ಕಡತದಲ್ಲಿ ಷರಾ ಬರೆದರು: ಅಂಕಿಗಳು ನಂಬಲರ್ಹವಲ್ಲ.

“ನಾ ಅಂದೆ, ಬರದಾಕಿ ನನ್ನ ವಿದ್ಯಾರ್ಥಿನಿ, ಆಕಿ ಬಸ್ ಎಷ್ಟ ನಿಮಿಷ ಲೇಟ್ ಅಂತನೂ ಬರಿಯಾಕಿ, ಸುಳ್ಳ ಬರಿಯಾಂಗಿಲ್ಲ ಅಂತ. ಅವರು ನಕ್ಕರು.”

ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

“ಒಂದ ದಿನಾನಾದರೂ... ಬಸ್ ತಪ್ಪಿಸಿಕೊಂಡೋ ಏನೋ... ಅಂದಾಜಿಲೆ ಬರದಿದ್ದೇನವಾ?”

“ಇಲ್ರೀ ಸರ್.”

“ಖರೇ?”

“ಖರೇರಿ.”

ಅವರು ತಲೆಯಾಡಿಸಿದರು. ಮತ್ತೆ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ನನಗಿಂತ ಹೆಚ್ಚು ನಾಚಿಕೆಯಾದಂತಿತ್ತು. ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಮಧ್ಯಾಹ್ನದ ಬಸ್ಸಿಗೆ ಲಿಂಗಸುಗೂರಿಗೆ ಹೋದರು.

ಮನೆಗೆ ಬಂದು ನಾನು ನನ್ನ ಸ್ವಂತ ಡೈರಿಯನ್ನು ದಿನ ದಿನಕ್ಕೆ ಹಿಡಿದು ನೋಡತೊಡಗಿದೆ. ಯಾವುದಾದರೂ ಒಂದು ದಿನ ನಾನು ಲ್ಯಾಬಿಗೆ ಹೋಗದೇ ಇದ್ದೆನೇ ಎಂದು. ಅಂಥ ದಿನ ಸಿಗಲಿಲ್ಲ. ಮಾರ್ಚ್ ಮೊದಲ ವಾರದ ಒಂದು ಪುಟದಲ್ಲಿ ಬೇರೊಂದು ಸಿಕ್ಕಿತು. ನನ್ನದೇ ಅಕ್ಷರ:

‘ಬಿಸಿಲು ಜೋರು. ಅಮ್ಮ ವೀಳ್ಯದೆಲೆ ರಂಜಣಗಿ ಪಕ್ಕ ಇಟ್ಟಿದ್ದಳು, ನಾಲ್ಕು ದಿನವಾದರೂ ಬಾಡಿಲ್ಲ. ಅದರ ಪಕ್ಕ ಇಟ್ಟದ್ದು ಕೆಡುವುದಿಲ್ಲ ಎಂದು ಲ್ಯಾಬಿನಲ್ಲಿ ಅವ್ವನೂ ಅಂದಳು. ಕರಿ ಬಿಲ್ಲೆಯನ್ನು ಪಣತಿಯಲ್ಲಿಟ್ಟು ರಂಜಣಗಿ ಪಕ್ಕ ಇಟ್ಟೆ. ಬಸ್ಸು ಆರು ನಿಮಿಷ ತಡ.’

ರಂಜಣಗಿ ಅಂದರೆ ಕುಡಿಯುವ ನೀರಿನ ದೊಡ್ಡ ಮಣ್ಣಿನ ಮಡಕೆ. ಬೇಸಿಗೆ ಬಂದರೆ ನಮ್ಮ ಕಡೆ ಮೂಲೆಯಲ್ಲಿ ಹಸಿ ಉಸುಕು ಹಾಸಿ ಅದರ ಮೇಲೆ ಅದನ್ನು ಕೂರಿಸುತ್ತಾರೆ, ಹೊಟ್ಟೆಗೆ ಒದ್ದೆ ಗೋಣಿತಟ್ಟು ಸುತ್ತುತ್ತಾರೆ. ಮನೆಯಲ್ಲೆಲ್ಲ ತಂಪು ಜಾಗ ಅದೊಂದೇ. ಎಲೆ, ಮಲ್ಲಿಗೆ, ಹಾಲು, ಕೂಸಿನ ಔಷಧಿ, ಬಿಸಿಲಿಗೆ ಕೆಡಬಾರದ್ದು ಏನಿದ್ದರೂ ಅದರ ಪಕ್ಕ ಆ ಉಸುಕಿನ ಮೇಲೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಲ್ಯಾಬಿನಲ್ಲೂ ಒಂದು ರಂಜಣಗಿ ಇತ್ತು. ಅವ್ವ ದಿನಕ್ಕೆರಡು ಸಲ ಗೋಣಿತಟ್ಟಿಗೆ ನೀರು ಚಿಮುಕಿಸುತ್ತಿದ್ದಳು, ಪಣತಿಗೆ ಮುಚ್ಚಿದ ಬಟ್ಟೆಯೂ ತೇವವಾಗಿರುತ್ತಿತ್ತು. ಹಸಿರು ಬಿಲ್ಲೆಯನ್ನು ನಾನು ಅಲ್ಲಿಡಲಿಲ್ಲ. ಅದು ಬೆಲೆಯುಳ್ಳದ್ದು ಅಂತ ನನಗೆ ಅನ್ನಿಸಿರಲಿಲ್ಲ. ಅದು ಒಣ ಕಪಾಟಿನಲ್ಲೇ ಉಳಿಯಿತು.

ಇದೆಲ್ಲ ಕದ್ದು ನಡೆದದ್ದಲ್ಲ. ಸರ್ ದಿನಾ ಅದೇ ರಂಜಣಗಿಯಿಂದ ನೀರು ಕುಡಿದು, ಅದರ ಪಕ್ಕದ ಪಣತಿಯನ್ನು ತಾವೇ ಎತ್ತಿ ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಸಿಂಧನೂರಿನ ಮಾರ್ಚ್ ತಿಂಗಳಲ್ಲಿ ಕೆಡಬಾರದ ಒಂದು ವಸ್ತು ರಂಜಣಗಿಯ ಪಕ್ಕ ಇರುವುದು ಯಾರ ಕಣ್ಣಿಗೂ ಬೀಳುವ ಸಂಗತಿಯಲ್ಲ. ಪಾಠದಲ್ಲಿ ಅವರೇ ಒಮ್ಮೆ ಹೇಳಿದ್ದರು, ಈ ಪಾಲಿಮರು ಗಾಳಿಯ ತೇವ ಹೀರುತ್ತದೆ, ತೇವ ಇದ್ದಷ್ಟು ಕರೆಂಟು ಚೆನ್ನಾಗಿ ಹರಿಯುತ್ತದೆ ಎಂದು. ನಾನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡೂ ಇದ್ದೆ. ಸಮಿತಿಯವರ ಗಾಜಿನ ಪಾತ್ರೆಯ ಉಪ್ಪು ಹೀರಿಕೊಂಡದ್ದು ಆ ತೇವವನ್ನೇ.

ಮರುದಿನ ಮೊದಲ ಬಸ್ಸಿಗೆ ಹೋದೆ. ಕಪಾಟಿನಿಂದ ಹಸಿರು ಬಿಲ್ಲೆ ತೆಗೆದು ಅದೇ ಪಣತಿಯಲ್ಲಿಟ್ಟು ರಂಜಣಗಿಯ ಪಕ್ಕ ಇಟ್ಟೆ. ಒಂದು ದಿನಕ್ಕೆ ನೂರಾ ಹದಿನಾಲ್ಕು. ಎರಡು ದಿನಕ್ಕೆ ಅರವತ್ತಮೂರು. ಮೂರನೆಯ ದಿನ ನಲವತ್ತೆಂಟು. ಮಸಿಯ ಒಂದು ಕಣವೂ ಇಲ್ಲದ ಬಿಲ್ಲೆ ಕರಿ ಬಿಲ್ಲೆಯಂತೆಯೇ ತಿರುಗಿ ಬಂದಿತ್ತು. ಒಂದು ಗಳಿಗೆ ನನಗೆ ಕುಣಿಯುವಷ್ಟು ಸಂತೋಷವಾಯಿತು. ನಮ್ಮ ಅಂಕಿಗಳು ಸುಳ್ಳಲ್ಲ ಎನ್ನುವುದಕ್ಕೆ ಸಾಕ್ಷಿ ಸಿಕ್ಕಿ ಬಿಟ್ಟಿತ್ತು. ಆಮೇಲೆ ಹೊಳೆಯಿತು. ಅಂಕಿ ನಿಜವಾದರೆ ಸರ್ ಹೇಳಿದ ಮಾತು ಬಿದ್ದುಹೋಗುತ್ತದೆ. ಅವರ ಮೇಲಿನ ಸುಳ್ಳಿನ ಆಪಾದನೆ ತೆಗೆಯುವ ಸಾಕ್ಷಿಯೇ ಅವರ ಏಳು ವರ್ಷದ ಆಸೆಯನ್ನೂ ತೆಗೆಯುತ್ತದೆ. ಪಣತಿಯನ್ನು ಅಲ್ಲಿಟ್ಟ ಕೈ ನನ್ನದು.

ಅವ್ವನಿಗೆ ಹೇಳಿದೆ. ಆಕೆ ರಂಜಣಗಿಯ ಕಡೆ ತಿರುಗಿದಳು.

“ತಂಪಿರಲಿ ಅಂತ ನಾನ ಹೇಳಿದ್ದೆ ನಿನಗ. ಹೌದಿಲ್ಲ?”

“ಇಟ್ಟಾಕಿ ನಾನಬೇ.”

“ಹೇಳಬ್ಯಾಡ ಬಿಡು. ಹ್ವಾದದ್ದು ಹೋತು. ಮಸಿ ಮ್ಯಾಲಿನ ಆಸೆ ಒಂದರ ಇರಲಿ ಅವರಿಗೆ.”

ಹೇಳದೇ ಇರಬಹುದಿತ್ತು. ಇವತ್ತಿಗೂ ಯೋಚಿಸುತ್ತೇನೆ... ಆದರೆ ಆ ಷರಾದಲ್ಲಿದ್ದ ಅಂಕಿಗಳು ನನ್ನವು. ಎರಡು ದಿನ ತಡೆದೆ, ಮೂರನೆಯ ದಿನ ಡೈರಿ ಹಿಡಿದು ಲಿಂಗಸುಗೂರಿಗೆ ಹೋದೆ. ಸರ್ ಅಣ್ಣನ ಮನೆ ಕೇಳಿಕೊಂಡು ಹೋದಾಗ ಅವರು ಕಟ್ಟೆಯ ಮೇಲೆ ಕೂತು ಅಣ್ಣನ ಮಗಳಿಗೆ ಗಣಿತ ಹೇಳಿಕೊಡುತ್ತಿದ್ದರು. ಆ ಹುಡುಗಿಯನ್ನು ಒಳಗೆ ಕಳಿಸಿದರು. ನಾನು ಪುಟ ತೆರೆದು ಕೊಟ್ಟೆ. ಹಸಿರು ಬಿಲ್ಲೆಯ ಮೂರು ದಿನದ ಅಂಕಿಗಳನ್ನೂ ಕೊಟ್ಟೆ.

ಅವರು ಒಂದೇ ಸಲ ಓದಿದರು. ಆಮೇಲೆ ನಗತೊಡಗಿದರು.

“ದಿನಾ ನಾಕ ತಂಬಿಗಿ ನೀರ ಕುಡದೀನಲ್ಲವಾ ಅದರಾಗಿಂದ!”

ನಗು ನಿಂತ ಮೇಲೆ ಅವರ ಮುಖ ನೋಡಲು ನನಗೆ ಆಗಲಿಲ್ಲ.

“ತಪ್ಪು ನಂದರೀ ಸರ್. ನಾನು ಎರಡೂ ಬಿಲ್ಲಿ ಇಡಬೇಕಿತ್ತು.”

“ನೀ ಡೈರ್ಯಾಗ ಬರದೀದಿ. ನನಗ ಕಣ್ಣಿದ್ದೂ ಕಾಣಲಿಲ್ಲ. ಯಾರ ತಪ್ಪು ಇದು?” ಅಂದರು.

“ಅವರಿಗೆ ಪತ್ರ ಬರೀರಿ ಸರ್. ಅಂಕಿ ಖರೇ ಅದಾವ ಅಂತ.”

“ಏನಂತ ಬರೀಲಿ? ಅಂಕಿ ಖರೇ, ನನ್ನ ಮಾತು ಸುಳ್ಳು ಅಂತನೇನು?”

ಆಮೇಲೆ ತಾವೇ ಅಂದರು. “ಹಂಗೂ ಅನ್ನಾಕ ಬರಾಂಗಿಲ್ಲ. ಮಸಿ ಏನೂ ಮಾಡಿಲ್ಲ ಅಂತ ಹ್ಯಾಂಗ ಹೇಳೂದು? ಫೆಬ್ರವರಿತನಕ ಕರೀದು ಕಮ್ಮಿ ಕೆಟ್ಟಿತ್ತಲ್ಲ. ಎರಡೂ ಬಿಲ್ಲಿ ಒಂದ ಪಣತ್ಯಾಗ ಇಟ್ಟು ನೋಡಬೇಕು. ಆಗ ಗೊತ್ತಾಕ್ಕೈತಿ.”

“ಕರಿ ಬಿಲ್ಲಿ ಎಲ್ಲೈತ್ರಿ?”

“ಅಲ್ಲೇ ಇಟ್ಟುಕೊಂಡರು. ಸ್ಯಾಂಪಲ್ ವಾಪಸ್ ಕೊಡಾಂಗಿಲ್ಲಂತ.”

ಹೊಸದು ಮಾಡಬೇಕೆಂದರೆ ಲ್ಯಾಬು ಬೇಕಿತ್ತು. ಜೂನಿನಲ್ಲಿ ಸರ್ ಜಾಗಕ್ಕೆ ಹೊಸಬರು ಬಂದರು. ಒಂದೇ ಒಂದು ತಿಂಗಳು ಕೋಣೆ ಬಳಸಲು ಕೊಡಿರಿ ಎಂದು ಸರ್ ಬಂದು ಕೇಳಿದರು. ಬೀಗದ ಕೈಯನ್ನು ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಆಡಳಿತದವರು ಹೇಳಿದರು. ಆ ದಿನ ಅವರು ನನ್ನಿಂದ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಸಿದರು, ಕರಿ ಬಿಲ್ಲೆಯನ್ನು ಮಾರ್ಚಿನಿಂದ ನೀರಿನ ಮಡಕೆಯ ಪಕ್ಕ ಇಡಲಾಗಿತ್ತು ಎಂದು. ನಾನು ಮಾರ್ಚಿನ ಪುಟ ತೆಗೆದೆ. ಅವರು ನನ್ನ ಕೈ ತಡೆದರು. “ಹಿಂದಿನ ಪುಟಕ್ಕ ಕೈ ಹಚ್ಚಬ್ಯಾಡ. ಇವತ್ತ ಬರಿಯಾಕತ್ತೀದಿ, ಇವತ್ತಿನ ತಾರೀಖು ಹಾಕು.” ಹಾಕಿದೆ. ಸಹಿ ಮಾಡಿದೆ. ಅವರೂ ಮಾಡಿದರು. ಆ ರಿಜಿಸ್ಟರ್ ಎರಡು ವರ್ಷದ ಮೇಲೆ ಲ್ಯಾಬು ಬೇರೆ ಕಟ್ಟಡಕ್ಕೆ ಹೋದಾಗ ರದ್ದಿಗೆ ಹೋಯಿತಂತೆ.

ಸರ್ ಲಿಂಗಸುಗೂರಿನಲ್ಲಿ ಟ್ಯೂಷನ್ ಹೇಳತೊಡಗಿದರು. ನಾನು ಮಸ್ಕಿಗೆ ಸೇರಿದ ಹೊಸದರಲ್ಲಿ ಒಮ್ಮೆ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಬಡಕಲಾಗಿದ್ದರು. ಕಣ್ಣು ಹಳದಿಯಾಗಿದ್ದವು ಎಂದು ಆಮೇಲೆ ನೆನಪಾಯಿತು. ನನ್ನ ಶಾಲೆ, ಮಕ್ಕಳು, ಲ್ಯಾಬಿಗೆ ನಳ ಇದೆಯೋ ಇಲ್ಲವೋ ಎಲ್ಲ ವಿಚಾರಿಸಿದರು. ಸಮಿತಿಗೆ ಬರೆದಿರಾ ಎಂದು ನಾನು ಕೇಳಿದೆ. “ಬರೀಬೇಕು. ಎರಡೂ ಬಿಲ್ಲಿ ಒಮ್ಮೆ ಕೂಡಿಸಿ ನೋಡಿ, ಪೂರಾ ಗೊತ್ತಾದ ಮ್ಯಾಲ ಬರೀತೀನಿ. ಅರ್ಧಾ ಗೊತ್ತಿದ್ದು ಬರಿಯೂದು ಚಲೋ ಅಲ್ಲ” ಅಂದರು. ಅಷ್ಟರಲ್ಲಿ ಅವರ ಬಸ್ಸು ಬಂತು.

ಹೋದ ವರ್ಷ ಸಿಂಧನೂರಿನ ಸಂತೆಯಲ್ಲಿ ಅವ್ವ ಸಿಕ್ಕಳು. ನನ್ನ ಕೈ ಹಿಡಿದುಕೊಂಡಳು. ಆಮೇಲೆ, “ನಿನಗ ಗೊತ್ತೇ ಇಲ್ಲೇನಬೇ? ಸರ ಹೋಗ್ಯಾರ. ಕಾಮಾಲಿ ಆಗಿತ್ತಂತ. ಮೂರ ತಿಂಗಳಾತು” ಅಂದಳು. ಯಾವ ದಿನ ಎಂದು ಆಕೆಗೆ ಗೊತ್ತಿರಲಿಲ್ಲ. ನಾನು ಅವರ ಅಣ್ಣನ ಮನೆಗೆ ಹೋಗಿ ಕೇಳುವ ಧೈರ್ಯ ಮಾಡಲಿಲ್ಲ. ಅವರು ಹೋದ ಆ ದಿನವೂ ನಾನು ಡೈರಿ ಬರೆದಿರುತ್ತೇನೆ, ಬಸ್ಸು, ಮಳೆ, ಹಾಜರಿ ಏನೋ ಒಂದು...

ಇತ್ತೀಚೆಗೆ ಒಂದು ವಿಜ್ಞಾನ ಪತ್ರಿಕೆಯಲ್ಲಿ ಓದಿದೆ. ಪರದೇಶಗಳಲ್ಲಿ ಈಗ ಇಂಗಾಲದ ನಳಿಕೆಗಳನ್ನು ಇಂಥದೇ ಪಾಲಿಮರುಗಳೊಳಗೆ ಬೆರೆಸುತ್ತಿದ್ದಾರಂತೆ, ಎರಡೂ ಕೂಡಿದರೆ ಒಂದೊಂದೇ ಇರುವುದಕ್ಕಿಂತ ಗಟ್ಟಿ ಎಂದು. ಹಾಗಾದರೆ ಸರ್ ಮಾತು ನಿಜವಿದ್ದೀತು. ನಮ್ಮ ಔಡಲ ಮಸಿಯ ಮಟ್ಟಿಗೆ ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಪಣತಿಯಲ್ಲಿ ಇನ್ನೊಂದು ಬಿಲ್ಲೆಗೆ ಜಾಗ ಇತ್ತು. ನಾನು ಅದನ್ನೂ ಎತ್ತಿ ಅಲ್ಲೇ ಇಟ್ಟಿದ್ದರೆ ಸಾಕಿತ್ತು.

ಅವರು ಹೋದ ಸುದ್ದಿ ತಿಳಿದ ಮೇಲೆ ನಾನು ವಿಶ್ವವಿದ್ಯಾಲಯಕ್ಕೆ ಮೂರು ಪತ್ರ ಬರೆದೆ. ನೋಂದಣಿ ಕೇಳಲಿಲ್ಲ, ಅದರಿಂದ ಯಾರಿಗೂ ಈಗ ಏನೂ ಆಗಬೇಕಾಗಿಲ್ಲ. ಅಂಕಿಗಳು ನಂಬಲರ್ಹವಲ್ಲ ಎನ್ನುವ ಷರಾ ಒಂದನ್ನು ತಿದ್ದಿರಿ, ಅಳೆದದ್ದು ನಾನು, ಕಾರಣ ಹೀಗೆ ಹೀಗೆ, ಎಂದು ಬರೆದೆ. ಡೈರಿಯ ಪುಟದ ಪ್ರತಿ ಲಗತ್ತಿಸಿದೆ. ಸರ್ ತೀರಿಕೊಂಡಿದ್ದಾರೆ ಎಂಬುದನ್ನು ಪ್ರತಿಯೊಂದು ಪತ್ರದ ಮೊದಲ ಸಾಲಿನಲ್ಲೇ ಬರೆದಿದ್ದೆ.

ಮೊದಲ ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಈ ಮಂಗಳವಾರ ಬಂದಿದೆ. ನಾಲ್ಕು ಸಾಲು, ಟೈಪ್ ಮಾಡಿದ್ದು. ಇಂಥ ವಿಷಯದಲ್ಲಿ ಮೂರನೆಯವರ ಮನವಿಯನ್ನು ಪರಿಗಣಿಸಲು ಬರುವುದಿಲ್ಲ, ಷರಾ ತಿದ್ದುಪಡಿಗೆ ಅಭ್ಯರ್ಥಿಯೇ ಖುದ್ದಾಗಿ ಅರ್ಜಿ ಸಲ್ಲಿಸತಕ್ಕದ್ದು, ನಮೂನೆಯನ್ನು ಇದರೊಂದಿಗೆ ಕಳಿಸಲಾಗಿದೆ.

ನಮೂನೆಯನ್ನು ತುಂಬಿದ್ದೇನೆ. ಹೆಸರು, ವಿಷಯ, ಹಾಜರಾದ ದಿನಾಂಕ, ತಿದ್ದುಪಡಿಗೆ ಕಾರಣ. ಕಾರಣಕ್ಕೆ ಜಾಗ ಸಾಲದೆ ಹಿಂಬದಿಗೆ ಬರೆದೆ. ಕೊನೆಯಲ್ಲಿ ಅಭ್ಯರ್ಥಿಯ ಸಹಿ ಎಂದು ಇರುವ ಗೆರೆ ಮಾತ್ರ ಖಾಲಿ ಇದೆ.